ಬೊಜ್ಜಿನ ಶಸ್ತ್ರಕ್ರಿಯೆಯ ನಂತರ ನೋವು, ವಾಕರಿಕೆ: ಯಾವುದು ಸಹಜ, ಯಾವುದು ಅಪಾಯ?

ಶಸ್ತ್ರಕ್ರಿಯೆ ಎಂದೊಡನೆ ಎಲ್ಲರೂ ಹೆದರುವುದು ಕತ್ತರಿಗೆ. ಆದರೆ ಕತ್ತರಿಯ ಕೆಲಸ ನಡೆಯುವಾಗ ರೋಗಿಗೆ ಏನೂ ತಿಳಿಯುವುದಿಲ್ಲ. ಅರಿವಳಿಕೆ ಇಳಿದು ಕಣ್ಣು ಬಿಟ್ಟ ನಂತರದ ಎರಡು ಮೂರು ದಿನಗಳೇ ನಿಜವಾಗಿ ಕಷ್ಟದವು. ಬಾಯಿ ಒಣಗಿರುತ್ತದೆ, ಹೊಟ್ಟೆ ಬಿಗಿದಿರುತ್ತದೆ, ಹೊರಳಿದರೆ ವಾಕರಿಕೆ ಬರುತ್ತದೆ. ತೂಕ ಇಳಿಸುವ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಈ ತೊಂದರೆ ಉಳಿದವರಿಗಿಂತ ತುಸು ಹೆಚ್ಚು. ಇದು ಏಕೆ ಬರುತ್ತದೆ, ಹೇಗೆ ಕಳೆಯುತ್ತದೆ ಎಂಬುದನ್ನು ಮೊದಲೇ ತಿಳಿದವರಿಗೆ ಭಯ ಅರ್ಧ ಕಡಿಮೆಯಾಗುತ್ತದೆ.

ಈ ಶಸ್ತ್ರಕ್ರಿಯೆ ಈಗ ಕೇವಲ ಪಟ್ಟಣದ ಶ್ರೀಮಂತರ ಸಂಗತಿಯಾಗಿ ಉಳಿದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದಲೂ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳಿಂದ ಬಳಲುವ ಸ್ಥೂಲಕಾಯದವರು ಇದರ ಬಗ್ಗೆ ವಿಚಾರಿಸುತ್ತಾರೆ. ಕೆಲವರು ಹೈದರಾಬಾದ್, ಪುಣೆ, ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡು ಬರುತ್ತಾರೆ. ಜಿಡಗಾದ ಮನೆಯಿಂದ ಹೈದರಾಬಾದಿನ ಶಸ್ತ್ರವೈದ್ಯರು 200 ಕಿ.ಮೀ.ಗೂ ಹೆಚ್ಚು ದೂರ. ರಾತ್ರಿ ಹತ್ತು ಗಂಟೆಗೆ ವಾಂತಿ ಶುರುವಾದರೆ ಇದು ಸಹಜವೋ ಅಪಾಯವೋ ಎಂದು ಮೊದಲು ನಿರ್ಧರಿಸಬೇಕಾದವರು ಮನೆಯವರೇ. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಎರಡು ಬೇರೆ ಬೇರೆ ಶಸ್ತ್ರಕ್ರಿಯೆಗಳು

2022ರ ಮೇ ತಿಂಗಳಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ನಂತರ ತೀರಿಕೊಂಡ ಸುದ್ದಿ ಓದಿ ಅನೇಕರು ಗಾಬರಿಯಾದರು. ಅದು ಮೈಯ ಅಂದಕ್ಕಾಗಿ ಕೊಬ್ಬನ್ನು ತೆಗೆಯುವ ವಿಧಾನ. ನಾವಿಲ್ಲಿ ಹೇಳುತ್ತಿರುವುದು ಬೇರೆ. ಇದರಲ್ಲಿ ಜಠರವನ್ನೇ ಕಿರಿದು ಮಾಡಲಾಗುತ್ತದೆ. ‘ಸ್ಲೀವ್’ ಎಂಬ ವಿಧಾನದಲ್ಲಿ ಜಠರದ ಶೇ. 75ರಿಂದ 80 ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆಯಾಗಿ ಲೋಹದ ಸಣ್ಣ ಪಿನ್ನುಗಳಿಂದ ಮುಚ್ಚುತ್ತಾರೆ. ಒಂದು ಲೀಟರಿಗೂ ಹೆಚ್ಚು ಹಿಡಿಯುತ್ತಿದ್ದ ಚೀಲ ಈಗ 100–150 ಮಿ.ಲೀ. ಮಾತ್ರ ಹಿಡಿಯುತ್ತದೆ. ‘ಬೈಪಾಸ್’ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಒಂದು ಸಣ್ಣ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡೂ ಸಾಮಾನ್ಯವಾಗಿ ‘ದುರ್ಬೀನ್ ಆಪರೇಷನ್’ ಎಂದು ಜನ ಕರೆಯುವ ಬಗೆಯಲ್ಲಿ, ನಾಲ್ಕೈದು ಸಣ್ಣ ರಂಧ್ರಗಳ ಮೂಲಕ ನಡೆಯುತ್ತವೆ.

ವಾಕರಿಕೆ ಏಕೆ ಬರುತ್ತದೆ?

ಮೆದುಳಿನ ಬುಡದಲ್ಲಿ ವಾಂತಿಯನ್ನು ನಿಯಂತ್ರಿಸುವ ಕೇಂದ್ರವಿದೆ. ಅದಕ್ಕೆ ನಾನಾ ಕಡೆಗಳಿಂದ ಸಂದೇಶ ಬರುತ್ತದೆ: ರಕ್ತದಲ್ಲಿರುವ ಅರಿವಳಿಕೆ ಮದ್ದಿನಿಂದ, ಸಮತೋಲ ನೋಡಿಕೊಳ್ಳುವ ಒಳಕಿವಿಯಿಂದ, ಜಠರದಿಂದ ಮೆದುಳಿಗೆ ಹೋಗುವ ನರದಿಂದ. ಬೊಜ್ಜಿನ ಶಸ್ತ್ರಕ್ರಿಯೆಯಲ್ಲಿ ಕತ್ತರಿ ಬಿದ್ದಿರುವುದೇ ಜಠರಕ್ಕೆ. ಅದು ಬಾತುಕೊಂಡು ಇನ್ನಷ್ಟು ಕಿರಿದಾಗಿರುತ್ತದೆ. ಆದ್ದರಿಂದ ಏನೂ ಕುಡಿಯದಿದ್ದರೂ ಹೊಟ್ಟೆ ತುಂಬಿ ಬಂದಂತೆನಿಸುತ್ತದೆ. ಮನೆಯವರು ಇದನ್ನು ‘ಪಿತ್ತ ಕೆದರಿದೆ’ ಎನ್ನುತ್ತಾರೆ. ಕೆದರಿರುವುದು ಪಿತ್ತವಲ್ಲ, ಗಾಯಗೊಂಡ ಜಠರ.

ಯಾರಿಗೆ ವಾಕರಿಕೆ ಹೆಚ್ಚು ಎಂಬುದನ್ನು ಮೊದಲೇ ಅಂದಾಜು ಮಾಡಬಹುದು. ಆಪ್ಫೆಲ್ ಮತ್ತು ಸಂಗಡಿಗರು 1999ರಲ್ಲಿ ನಾಲ್ಕು ಅಂಶಗಳ ಸರಳ ಲೆಕ್ಕವೊಂದನ್ನು ಪ್ರಕಟಿಸಿದರು: ಹೆಂಗಸಾಗಿರುವುದು, ಧೂಮಪಾನ ಮಾಡದಿರುವುದು, ಹಿಂದೆ ಶಸ್ತ್ರಕ್ರಿಯೆಯ ನಂತರ ವಾಂತಿಯಾಗಿರುವುದು ಅಥವಾ ಬಸ್ಸಿನಲ್ಲಿ ಕುಳಿತರೆ ವಾಂತಿ ಬರುವ ಸ್ವಭಾವ, ನೋವಿಗೆ ಮಾರ್ಫಿನ್ ಜಾತಿಯ ಮದ್ದು ಬೇಕಾಗುವುದು. ಇವುಗಳಲ್ಲಿ ಒಂದೂ ಇಲ್ಲದಿದ್ದರೆ ವಾಕರಿಕೆಯ ಸಂಭವ ಸುಮಾರು ಶೇ. 10; ನಾಲ್ಕೂ ಇದ್ದರೆ ಸುಮಾರು ಶೇ. 80. ಬೀಡಿ ಸೇದುವವರಿಗೆ ವಾಕರಿಕೆ ಕಡಿಮೆ ಎಂದು ಓದಿ ಯಾರೂ ಬೀಡಿ ಹಚ್ಚಬಾರದು. ಬೀಡಿಯಿಂದ ಗಾಯ ಬೇಗ ಮಾಯುವುದಿಲ್ಲ, ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ. ಶಸ್ತ್ರಕ್ರಿಯೆಗೆ ಹಲವು ವಾರ ಮೊದಲೇ ಬೀಡಿ, ಸಿಗರೇಟು, ತಂಬಾಕು, ಗುಟ್ಕಾ ಎಲ್ಲವನ್ನೂ ಬಿಡಬೇಕು.

ಆದ್ದರಿಂದ ಅರಿವಳಿಕೆ ವೈದ್ಯರು ಹಿಂದಿನ ದಿನ ಬಂದು ಪ್ರಶ್ನೆ ಕೇಳಿದಾಗ ಚುಟುಕಾಗಿ ಉತ್ತರಿಸಿ ಕಳಿಸಬೇಡಿ. ‘ನನಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ’, ‘ಹೆರಿಗೆಯ ಆಪರೇಷನ್ನಿನ ನಂತರ ಬಹಳ ವಾಂತಿಯಾಗಿತ್ತು’, ‘ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತೇನೆ’, ‘ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ’ – ಇವೆಲ್ಲವೂ ಅವರಿಗೆ ಬೇಕಾದ ಮಾಹಿತಿ. ಇದನ್ನು ತಿಳಿದರೆ ಅವರು ಅರಿವಳಿಕೆಯ ಬಗೆಯನ್ನೇ ಬದಲಿಸಬಲ್ಲರು. ಡೆಕ್ಸಾಮೆಥಾಸೋನ್, ಒಂಡಾನ್ಸೆಟ್ರಾನ್ ಮುಂತಾದ ಮದ್ದುಗಳನ್ನು ಎಚ್ಚರವಾಗುವ ಮೊದಲೇ ಕೊಡಬಲ್ಲರು. ಬಂದ ವಾಂತಿಯನ್ನು ನಿಲ್ಲಿಸುವುದಕ್ಕಿಂತ ಬಾರದಂತೆ ತಡೆಯುವುದು ಸುಲಭ.

ಇಲ್ಲಿ ನಮ್ಮ ಭಾಗದ ಒಂದು ಹಳೆಯ ಸಂಗತಿಯನ್ನು ನೆನೆಯಬಹುದು. ಕಲಬುರಗಿ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1888 ಮತ್ತು 1889ರಲ್ಲಿ, ಹೈದರಾಬಾದಿನಲ್ಲಿ ನಿಜಾಮರ ಹಣದಿಂದ ‘ಕ್ಲೋರೋಫಾರ್ಮ್ ಆಯೋಗ’ಗಳು ಕೆಲಸ ಮಾಡಿದವು. ಅವುಗಳ ಹಿಂದಿದ್ದವರು ಡಾ. ಎಡ್ವರ್ಡ್ ಲಾರಿ. ಅಲ್ಲಿಯೇ ತರಬೇತಿ ಪಡೆದ ರೂಪಾ ಬಾಯಿ ಫರ್ದೂನ್‌ಜಿ ಅವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಒಬ್ಬರೆಂದು ಗುರುತಿಸಲಾಗುತ್ತದೆ. ಆ ಕಾಲದಲ್ಲಿ ಪ್ರಶ್ನೆ ಇದ್ದುದು ರೋಗಿ ಜೀವಸಹಿತ ಎಚ್ಚರಗೊಳ್ಳುತ್ತಾನೆಯೇ ಎಂಬುದು. ಎದ್ದ ಮೇಲಿನ ವಾಂತಿಯನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಈಗ ಮದ್ದುಗಳು ಬದಲಾಗಿವೆ. ವಾಕರಿಕೆಯನ್ನು ಹಲ್ಲು ಕಚ್ಚಿ ಸಹಿಸಬೇಕಾದ ಕಾಲ ಇದಲ್ಲ.

ಕೊಯ್ದದ್ದು ಹೊಟ್ಟೆ, ನೋವು ಭುಜಕ್ಕೆ!

ಎಚ್ಚರಗೊಂಡ ರೋಗಿಗಳು ಬಹಳ ಆಶ್ಚರ್ಯದಿಂದ ಹೇಳುವ ಮಾತಿದು. ದುರ್ಬೀನ್ ಹಾಕುವ ಮುನ್ನ ಹೊಟ್ಟೆಯೊಳಗೆ ಜಾಗ ಮಾಡಲು ಇಂಗಾಲದ ಡೈಆಕ್ಸೈಡ್ ಅನಿಲ ತುಂಬುತ್ತಾರೆ. ಕೊನೆಯಲ್ಲಿ ಅದನ್ನು ಹೊರಬಿಟ್ಟರೂ ಸ್ವಲ್ಪ ಉಳಿದು ವಪೆಯ ಕೆಳಗೆ ನಿಲ್ಲುತ್ತದೆ. ವಪೆಯ ನರವೂ ಭುಜದ ಚರ್ಮದ ನರವೂ ಕತ್ತಿನಲ್ಲಿ ಒಂದೇ ಮಟ್ಟದಿಂದ ಹೊರಡುವುದರಿಂದ ಮೆದುಳು ಅದನ್ನು ಭುಜದ ನೋವೆಂದು ಭಾವಿಸುತ್ತದೆ. ರಕ್ತ ಈ ಅನಿಲವನ್ನು ಹೀರಿಕೊಂಡಂತೆ ಎರಡು ಮೂರು ದಿನಗಳಲ್ಲಿ ನೋವು ಕರಗುತ್ತದೆ. ಎದ್ದು ಮೆಲ್ಲಗೆ ನಡೆದಾಡಿದರೆ ಬೇಗ ಹಗುರವಾಗುತ್ತದೆ.

ರಂಧ್ರಗಳಿದ್ದ ಜಾಗದಲ್ಲಿ ಕೆಮ್ಮಿದಾಗ, ಎದ್ದು ಕುಳಿತಾಗ ಚುಚ್ಚುವ ನೋವೂ ಇರುತ್ತದೆ. ಇದಕ್ಕೆ ಪ್ಯಾರಾಸಿಟಮಾಲನ್ನು ನರದ ಮೂಲಕ ಕೊಡುತ್ತಾರೆ, ಗಾಯದ ಸುತ್ತ ಮರಗಟ್ಟಿಸುವ ಮದ್ದು ಹಾಕಿರುತ್ತಾರೆ. ಮಾರ್ಫಿನ್ ಜಾತಿಯ ಮದ್ದುಗಳನ್ನು ಕಡಿಮೆ ಬಳಸುತ್ತಾರೆ. ಅವು ವಾಕರಿಕೆ ಹೆಚ್ಚಿಸುತ್ತವೆ. ಗೊರಕೆ ಹೊಡೆಯುವ ಸ್ಥೂಲಕಾಯದವರಲ್ಲಿ ಉಸಿರಾಟವನ್ನು ಕುಗ್ಗಿಸಬಲ್ಲವು.

ದಾದಿಯರು ‘ನೋವು ಹತ್ತಕ್ಕೆ ಎಷ್ಟು?’ ಎಂದು ಕೇಳುತ್ತಾರೆ. ನಮ್ಮ ಹಿರಿಯರಿಗೆ ‘ರೂಪಾಯಿಗೆ ಎಷ್ಟಾಣೆ?’ ಎಂದರೆ ಬೇಗ ತಿಳಿಯುತ್ತದೆ. ಹೇಗೆ ಹೇಳಿದರೂ ಸರಿ, ಇದ್ದುದನ್ನು ಇದ್ದಂತೆ ಹೇಳಿ. ‘ಡಾಕ್ಟರಿಗೆ ತ್ರಾಸ ಯಾಕ’ ಎಂದು ಸುಮ್ಮನಿರುವುದು ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ. ನೋವಿಗೆ ಹೆದರಿ ಮೇಲುಸಿರು ಬಿಡುತ್ತ ಮಲಗಿದರೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಕಾಲು ಆಡಿಸದಿದ್ದರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಪ್ರಾಣಾಪಾಯವಾಗಬಹುದು. ನೋವು ಪೂರ್ತಿ ಇಲ್ಲವಾಗಬೇಕೆಂದಿಲ್ಲ. ದೀರ್ಘವಾಗಿ ಉಸಿರೆಳೆಯಲು, ಕೆಮ್ಮಲು, ನಾಲ್ಕು ಹೆಜ್ಜೆ ನಡೆಯಲು ಸಾಧ್ಯವಾಗುವಷ್ಟು ಇಳಿದರೆ ಸಾಕು.

ರೋಗಿ ಮತ್ತು ಮನೆಯವರು ಮಾಡಬೇಕಾದದ್ದು

* ತಲೆಯ ಕಡೆ ಮಂಚವನ್ನು ಎತ್ತರಿಸಿಕೊಂಡು ಮಲಗಿ. ಹೊರಳುವಾಗ, ಏಳುವಾಗ ನಿಧಾನವಿರಲಿ. ಥಟ್ಟನೆ ಎದ್ದರೆ ವಾಕರಿಕೆ ಹೆಚ್ಚುತ್ತದೆ.

* ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಿರಿ. ಮೂರು ಚೆಂಡಿನ ಉಸಿರಾಟದ ಉಪಕರಣ ಕೊಟ್ಟರೆ ವೈದ್ಯರು ಹೇಳಿದಷ್ಟು ಸಲ ತಪ್ಪದೆ ಬಳಸಿ.

* ವೈದ್ಯರು ಕುಡಿಯಲು ಒಪ್ಪಿದ ಮೇಲೆ ಗುಟುಕು ಗುಟುಕಾಗಿ ಕುಡಿಯಿರಿ. ಕಾಲು ಗಂಟೆಗೆ 30 ಮಿ.ಲೀ., ಅಂದರೆ ಆರು ಟೀ ಚಮಚೆ, ಒಳ್ಳೆಯ ಅಳತೆ. ಹೀಗೆ ಕುಡಿದರೂ 12 ಗಂಟೆಯಲ್ಲಿ ಸುಮಾರು ಒಂದೂವರೆ ಲೀಟರ್ ಆಗುತ್ತದೆ. ನಾವು ತಂಬಿಗೆ ಎತ್ತಿ ಗಟಗಟ ಕುಡಿದು ರೂಢಿಯಾದವರು. ಹೊಸ ಜಠರಕ್ಕೆ ಅದು ಆಗದು, ಕುಡಿದದ್ದೆಲ್ಲ ಹೊರಬರುತ್ತದೆ.

* ನೀರು, ಸೋಸಿದ ತಿಳಿ ಮಜ್ಜಿಗೆ, ಗಂಜಿಯ ತಿಳಿ, ಖಾರವಿಲ್ಲದ ತೊಗರಿಬೇಳೆಯ ಕಟ್ಟು ಇವು ವೈದ್ಯರು ಹೇಳಿದ ಕ್ರಮದಲ್ಲಿ ಬರಲಿ. ಸೋಡಾ ಬೇಡ. ‘ಎರಡು ದಿನದಿಂದ ಹೊಟ್ಟೆಗೇನೂ ಇಲ್ಲ’ ಎಂದು ಮರುಗಿ ರೊಟ್ಟಿ ನೆನೆಸಿ ತಿನ್ನಿಸುವುದು ಪ್ರೀತಿಯಲ್ಲ, ಅಪಾಯ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಗೆ ಇನ್ನೂ ಹಲವು ವಾರ ತಡೆಯಬೇಕು.

* ಊದುಬತ್ತಿ, ಅತ್ತರು, ಮಲ್ಲಿಗೆ ದಂಡೆ, ಒಗ್ಗರಣೆಯ ವಾಸನೆ ರೋಗಿಯ ಹತ್ತಿರ ಬೇಡ. ನೋಡಲು ಬರುವವರು ಪಕ್ಕದಲ್ಲಿ ಕುಳಿತು ಊಟದ ಡಬ್ಬಿ ಬಿಚ್ಚಬಾರದು.

* ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಕೆಳಗೆ, ಒಳಮೈಯಲ್ಲಿ ಎರಡು ನರಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಕೆಲವರಿಗೆ ವಾಕರಿಕೆ ತಗ್ಗುತ್ತದೆ. ಹಾನಿಯಿಲ್ಲದ ಉಪಾಯ. ಆದರೆ ಮದ್ದಿಗೆ ಬದಲಾಗಿ ಅಲ್ಲ, ಮದ್ದಿನ ಜೊತೆಗೆ.

ಊರಿಗೆ ಮರಳಿದ ಮೇಲೆ

ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ಇಲ್ಲಿಂದ ಮುಂದೆ ನೆನಪಿಡಬೇಕಾದ ಸೂತ್ರ ಒಂದೇ: ನೋವು, ವಾಕರಿಕೆ ದಿನದಿಂದ ದಿನಕ್ಕೆ ಇಳಿಯಬೇಕು. ನಿನ್ನೆ ಎಂಟಾಣೆ ಇದ್ದದ್ದು ಇಂದು ಆರಾಣೆ, ನಾಳೆ ನಾಲ್ಕಾಣೆ. ಇಳಿದದ್ದು ತಿರುಗಿ ಏರತೊಡಗಿದರೆ ಅದು ಸಹಜವಲ್ಲ.

ಪಿನ್ನು ಹಾಕಿದ ಜಾಗದಲ್ಲಿ ಸೋರಿಕೆಯಾಗುವುದು ವಿರಳ, ಆದರೆ ಅತ್ಯಂತ ಅಪಾಯಕಾರಿ. ಮೊದಲ ಕೆಲವು ದಿನಗಳಲ್ಲಿ, ಕೆಲವೊಮ್ಮೆ ವಾರಗಳ ನಂತರವೂ ಇದು ಆಗಬಹುದು. ಇದರ ಮೊದಲ ಸುಳಿವು ಬಹಳ ಸಲ ಜ್ವರವಲ್ಲ, ನಾಡಿಯ ವೇಗ. ಹೆಬ್ಬೆರಳಿನ ಬುಡದಲ್ಲಿ ನಾಡಿ ಹಿಡಿದು ಗಡಿಯಾರ ನೋಡಿ ಒಂದು ನಿಮಿಷ ಎಣಿಸಲು ಮನೆಯ ಒಬ್ಬರಾದರೂ ಕಲಿತುಕೊಳ್ಳಿ. ವಿಶ್ರಾಂತಿಯಲ್ಲಿರುವಾಗಲೂ ಅದು 120ರ ಮೇಲೆ ಓಡುತ್ತಿದ್ದರೆ ತಡಮಾಡಬಾರದು. ಹಾಗೆಯೇ ಹೊಟ್ಟೆನೋವು ಏರುವುದು, ಚಳಿಜ್ವರ, ಉಸಿರು ಕಟ್ಟುವುದು, ರಕ್ತವಾಂತಿ, ಕಪ್ಪು ಮಲ, ಒಂದು ಕಾಲು ಬಾತು ನೋಯುವುದು, ಗುಟುಕು ನೀರೂ ನಿಲ್ಲದಿರುವುದು, ಮೂತ್ರ ಕಡಿಮೆಯಾಗುವುದು – ಇವುಗಳಲ್ಲಿ ಒಂದು ಕಂಡರೂ ಶಸ್ತ್ರವೈದ್ಯರಿಗೆ ಫೋನು ಮಾಡಿ. 108 ವಾಹನ ಕರೆಸಿ ದೊಡ್ಡ ಆಸ್ಪತ್ರೆಗೆ ಹೊರಡಿ.

ಸಮೀಪದ ದವಾಖಾನೆಗೆ ಹೋಗುವುದು ತಪ್ಪಲ್ಲ. ಆದರೆ ಅಲ್ಲಿ ಎರಡು ಮಾತು ಹೇಳಲೇಬೇಕು.

ಒಂದು, ‘ಜಠರದ ಆಪರೇಷನ್ ಆಗಿದೆ, ನೋವಿನ ಇಂಜೆಕ್ಷನ್ ಯಾವುದೆಂದು ನೋಡಿ ಕೊಡಿ’. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮದ್ದುಗಳು, ಅದರಲ್ಲೂ ಬೈಪಾಸ್ ಆದವರಲ್ಲಿ, ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಿ ರಕ್ತಸ್ರಾವ ತರಬಲ್ಲವು. ಮೇಲಾಗಿ ಹೆಚ್ಚುತ್ತಿರುವ ನೋವನ್ನು ಇಂಜೆಕ್ಷನ್ನಿನಿಂದ ಮುಚ್ಚಿದರೆ ಸೋರಿಕೆ ಗೊತ್ತಾಗದೆ ಉಳಿಯುತ್ತದೆ.

ಎರಡು, ‘ಬಹಳ ದಿನದಿಂದ ವಾಂತಿಯಿದೆ, ಬಿ1 ಕೊಡಬೇಕೇ ನೋಡಿ’. ಥಯಾಮಿನ್ ಎಂಬ ಈ ಜೀವಸತ್ವದ ದಾಸ್ತಾನು ದೇಹದಲ್ಲಿ ಎರಡು ಮೂರು ವಾರಕ್ಕಷ್ಟೇ ಸಾಲುತ್ತದೆ. ವಾಂತಿ ಮುಂದುವರಿದರೆ ಅದು ಬರಿದಾಗುತ್ತದೆ. ಅಂಥವರಿಗೆ ಬಿ1 ಇಲ್ಲದೆ ಬರೀ ಗ್ಲೂಕೋಸ್ ಸಲಾಯಿನ್ ಹಚ್ಚಿದರೆ, ಗ್ಲೂಕೋಸನ್ನು ಕರಗಿಸಲು ಉಳಿದಷ್ಟು ಬಿ1 ಕೂಡ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ಒಂದು ಎರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು ಇದರ ಲಕ್ಷಣಗಳು. ನಿಶ್ಶಕ್ತಿ ಎಂದರೆ ಒಂದು ಬಾಟಲಿ ಗ್ಲೂಕೋಸ್ ಎಂಬ ನಮ್ಮ ಕಡೆಯ ರೂಢಿ ಇಲ್ಲಿ ಅಪಾಯ. ಬಿ1 ಮೊದಲು, ಗ್ಲೂಕೋಸ್ ಆಮೇಲೆ.

ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಮೊದಲಿನಷ್ಟೇ ಮದ್ದು ನುಂಗುವುದೂ ಸಲ್ಲದು. ಊಟ ಇಳಿದ ಮೇಲೆ ಹಳೆಯ ಪ್ರಮಾಣದಿಂದ ಸಕ್ಕರೆ ಅತಿಯಾಗಿ ಕುಸಿದು ತಲೆಸುತ್ತು, ಬೆವರು ಬರಬಹುದು. ಹೊಸ ಪ್ರಮಾಣ ಎಷ್ಟೆಂದು ಬರೆಸಿಕೊಂಡೇ ಆಸ್ಪತ್ರೆ ಬಿಡಿ.

ಬಿಡುಗಡೆಯ ಕಾಗದವನ್ನು ಟ್ರಂಕಿನ ತಳದಲ್ಲಿ ಇಡಬೇಡಿ. ಯಾವ ಶಸ್ತ್ರಕ್ರಿಯೆ, ಯಾವ ದಿನ, ಯಾವ ಮದ್ದು ಕೊಡಬಾರದು, ರಾತ್ರಿ ಯಾವ ನಂಬರಿಗೆ ಫೋನು ಮಾಡಬೇಕು ಎಂಬ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಬರೆದು ಗೋಡೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ. ರೋಗಿ ಮಾತನಾಡಲಾರದ ಹೊತ್ತಿನಲ್ಲಿ, ಎಲ್ಲರೂ ಗಾಬರಿಯಾಗಿರುವಾಗ, ಆ ಕಾಗದವೇ ಸರಿಯಾಗಿ ಮಾತನಾಡುತ್ತದೆ.