ಒಂದು ಎಕರೆ ರಾಗಿ, ಐದು ಎಕರೆ ಪರಿಹಾರ

2021ರ ನವೆಂಬರ್ 19ರ ನಸುಕಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಪುದುಚೇರಿ ಮತ್ತು ಚೆನ್ನೈ ನಡುವೆ ದಡ ಹತ್ತಿತು. ಅಲ್ಲಿಂದ ಚಿಂತಾಮಣಿಗೆ ಗೆರೆ ಎಳೆದರೆ ಸುಮಾರು 240 ಕಿ.ಮೀ., ಗೌರಿಬಿದನೂರಿಗೆ ಸುಮಾರು 300. ಅದಕ್ಕೆ ಚಂಡಮಾರುತವೆಂಬ ಹೆಸರೂ ಸಿಕ್ಕಿರಲಿಲ್ಲ, ಅಷ್ಟು ಬಲವೇ ಅದಕ್ಕಿರಲಿಲ್ಲ. ಹಾಗಿದ್ದೂ ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆ ರೈತರು ಇವತ್ತಿಗೂ ‘ಆ ವರ್ಷದ ಸೈಕ್ಲೋನು’ ಎಂದೇ ಅದನ್ನು ಕರೆಯುತ್ತಾರೆ. ವಿಶಾಖ ಮುಗಿದು ಅನೂರಾಧ ಮಳೆ ಹುಟ್ಟುವ ಹೊತ್ತದು. ರಾಗಿ ಒಂದೋ ಹೊಲದಲ್ಲಿ ತೆನೆ ತೂಗುತ್ತಿರುತ್ತದೆ, ಇಲ್ಲವೇ ಕೊಯ್ದು ಅರಿ ಹಾಕಿರುತ್ತದೆ. ಇದೇ ಮಳೆ ಎರಡು ತಿಂಗಳು ಮೊದಲು ಬಂದಿದ್ದರೆ ಪೂಜೆ ಮಾಡಿ ಬಾಗಿನ ಕೊಡುತ್ತಿದ್ದೆವು.

ಮೊದಲು ನೀರಿನ ಲೆಕ್ಕ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ 4,047 ಲೀಟರ್. 100 ಮಿ.ಮೀ. ಬಿದ್ದರೆ 4 ಲಕ್ಷ ಲೀಟರಿಗೂ ಮಿಕ್ಕು, ಅಂದರೆ 5,000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ 81 ಲೋಡು. ಚಿಕ್ಕಬಳ್ಳಾಪುರ ಜಿಲ್ಲೆಯ ವಿಸ್ತೀರ್ಣ ಸುಮಾರು 4,200 ಚದರ ಕಿ.ಮೀ. ಎಲ್ಲ ಕಡೆ 100 ಮಿ.ಮೀ. ಬಿದ್ದಿತೆಂದು ಹಿಡಿದರೆ 42 ಕೋಟಿ ಘನ ಮೀಟರ್ ನೀರು, 15 ಟಿಎಂಸಿಗೆ ತುಸು ಕಡಿಮೆ. ಇದನ್ನು ಯಾವುದರ ಪಕ್ಕ ಇಟ್ಟು ನೋಡಬೇಕು? ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಪಕ್ಕ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ದಿನಕ್ಕೆ 21 ಕೋಟಿ ಲೀಟರಿನಂತೆ ಈ ಭಾಗದ ಕೆರೆಗಳಿಗೆ ಹರಿಸುವ ಯೋಜನೆ ಅದು. ಒಂದು ದಿನವೂ ಪಂಪು ನಿಲ್ಲದೆ ಓಡಿದರೆ ವರ್ಷಕ್ಕೆ 2.7 ಟಿಎಂಸಿ. ಅಂದರೆ ಸಮುದ್ರದಿಂದ ತೇಲಿ ಬಂದ 100 ಮಿ.ಮೀ. ಮಳೆ, ಆ ಪೈಪಿನ ಐದೂವರೆ ವರ್ಷದ ನೀರಿಗೆ ಸಮ. ಇಷ್ಟೂ ಕೆರೆ ಸೇರುವುದಿಲ್ಲ ನಿಜ. ಮಣ್ಣು ಕುಡಿಯುತ್ತದೆ, ಒಂದಷ್ಟು ಆವಿಯಾಗುತ್ತದೆ, ಕೆರೆಗಳು ಕೋಡಿ ಬಿದ್ದ ಮೇಲೆ ಉಳಿದದ್ದೆಲ್ಲ ಕೆಳಗೆ ಹರಿಯುತ್ತದೆ.

ಕೆಳಗೆ ಅಂದರೆ ಪೂರ್ವಕ್ಕೆ. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಅಂದರೆ ಪೆನ್ನಾರ್, ಗೌರಿಬಿದನೂರು ದಾಟಿ ಹಿಂದೂಪುರದ ಕಡೆಗೆ ಹೋಗಿ, ಒಟ್ಟು 597 ಕಿ.ಮೀ. ಹರಿದು ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ಚಿತ್ರಾವತಿ, ಪಾಪಾಗ್ನಿಯೂ ಕೊನೆಗೆ ಅದಕ್ಕೇ ಕೂಡುತ್ತವೆ. ಬಂಗಾಳ ಕೊಲ್ಲಿ ಕೊಟ್ಟ ನೀರನ್ನು ಬಂಗಾಳ ಕೊಲ್ಲಿಗೇ ಮರಳಿಸುವ ಹೊಳೆಗಳಿವು. ಅದೇ ನವೆಂಬರ್ 19ರಂದು ಪೆನ್ನಾರಿನ ಇನ್ನೊಂದು ಉಪನದಿ ಚೆಯ್ಯೇರಿನ ಅನ್ನಮಯ್ಯ ಅಣೆಕಟ್ಟು ಒಡೆದು ಕಡಪ ಜಿಲ್ಲೆಯ ಹಳ್ಳಿಗಳು ಕೊಚ್ಚಿಹೋದವು. ಅದಕ್ಕೆ ಹೋಲಿಸಿದರೆ ನಮ್ಮ ಕಡೆಯದು ನಿಧಾನದ ನಷ್ಟ, ಟೀವಿಯ ಕ್ಯಾಮೆರಾಗೆ ಸಿಗದಂಥದು.

ಆ ತಿಂಗಳ ಮೂರನೇ ವಾರದ ಕೊನೆಗೆ ರಾಜ್ಯ ಸರ್ಕಾರ ಕೊಟ್ಟ ಲೆಕ್ಕ ಹೀಗಿತ್ತು: 24 ಸಾವು, ಪೂರ್ತಿ ಬಿದ್ದ ಮನೆ 658, ಭಾಗಶಃ ಹಾನಿಯಾದ ಮನೆ 8,495, ಬೆಳೆ ನಷ್ಟ ಸುಮಾರು 5 ಲಕ್ಷ ಹೆಕ್ಟೇರ್. ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನ ನಡೆಯುವ ಹೊತ್ತಿಗೆ ಬೆಳೆ ನಷ್ಟದ ಅಂಕಿ 12.69 ಲಕ್ಷ ಹೆಕ್ಟೇರಿಗೆ ಏರಿತ್ತು. ಅಲ್ಲೇ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಪರಿಹಾರ ಹೆಚ್ಚಿಸಿದರು. ಕೇಂದ್ರದ ಮಾರ್ಗಸೂಚಿಯಂತೆ ಖುಷ್ಕಿ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ ಇದ್ದದ್ದು 13,600 ಆಯಿತು. ನೀರಾವರಿಗೆ 13,500 ಇದ್ದದ್ದು 25,000, ತೋಟಗಾರಿಕೆಗೆ 18,000 ಇದ್ದದ್ದು 28,000. ಮನೆ ಪೂರ್ತಿ ಬಿದ್ದರೆ 5 ಲಕ್ಷ, ಒಳಗೆ ನೀರು ನುಗ್ಗಿದ್ದರೆ 10,000.

ದುಪ್ಪಟ್ಟು ಎಂಬ ಮಾತು ಕೇಳಲು ಚೆನ್ನಾಗಿದೆ. ಆದರೆ ನಮ್ಮ ರೈತರು ಹೆಕ್ಟೇರಿನಲ್ಲಿ ಯೋಚಿಸುವುದಿಲ್ಲ, ಆದ್ದರಿಂದ ಎಕರೆಗೆ ಇಳಿಸೋಣ: 5,504 ರೂಪಾಯಿ. ಆ ವರ್ಷ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 3,377. ಅಂದರೆ ಎಕರೆ ರಾಗಿ ಹೋದದ್ದಕ್ಕೆ ಸಿಕ್ಕಿದ್ದು 163 ಕೆ.ಜಿ. ರಾಗಿಯ ಬೆಲೆ. ಮಳೆ ಆಶ್ರಯದಲ್ಲಿ ಎಕರೆಗೆ 8 ಕ್ವಿಂಟಲ್ ಬಂದರೆ ನಮ್ಮಲ್ಲಿ ಬೆಳೆ ಪರವಾಗಿಲ್ಲ ಅನ್ನುತ್ತಾರೆ, ಅದರ ಬೆಲೆ 27,016. ಇನ್ನು ಪರಿಹಾರಕ್ಕೆ ಮಿತಿ 2 ಹೆಕ್ಟೇರ್, ಐದು ಎಕರೆಗೆ ಎರಡು ಗುಂಟೆ ಚಿಲ್ಲರೆ ಕಡಿಮೆ. ಅಷ್ಟೂ ಹೋದವನಿಗೆ ಗರಿಷ್ಠ 27,200. ಐದು ಎಕರೆಯ ಪರಿಹಾರವೂ ಒಂದು ಎಕರೆಯ ರಾಗಿಯೂ ಒಂದೇ ತೂಕ!

ಇದು ನಷ್ಟ ತುಂಬುವ ಹಣವಲ್ಲ, ಮುಂದಿನ ಬಿತ್ತನೆಗೆ ಆಸರೆ ಮಾತ್ರ ಎಂದು ಅಧಿಕಾರಿಗಳು ಹೇಳುತ್ತಾರೆ. ಒಪ್ಪೋಣ. ನನ್ನ ತಕರಾರು ಬೇರೆ. ಜುಲೈನಲ್ಲಿ ಮೊಳಕೆಯಲ್ಲೇ ಹೋದ ಪೈರಿಗೂ ನವೆಂಬರಿನಲ್ಲಿ ಕೊಯ್ದು ಒಣಗಲು ಬಿಟ್ಟ ಪೈರಿಗೂ ಈ ಪಟ್ಟಿಯಲ್ಲಿ ಒಂದೇ ದರ. ಮೊದಲನೆಯ ರೈತ ಕಳೆದುಕೊಂಡಿರುವುದು ಉಳುಮೆ ಮತ್ತು ಬೀಜದ ಖರ್ಚು. ಎರಡನೆಯವನು ಗೊಬ್ಬರ, ಕಳೆ, ಕೊಯ್ಲಿನ ಕೂಲಿ ಎಲ್ಲವನ್ನೂ ಸುರಿದು ಮುಗಿಸಿರುತ್ತಾನೆ. ಸೈಕ್ಲೋನು ಹೊಡೆಯುವುದು ಸದಾ ಈ ಎರಡನೆಯವನನ್ನೇ. 2022ರ ಡಿಸೆಂಬರ್ 9ರ ರಾತ್ರಿ ಮಾಮಲ್ಲಪುರದ ಬಳಿ ದಡ ಸೇರಿದ ಮಾಂಡೌಸ್, 2024ರ ನವೆಂಬರ್ 30ರಂದು ಪುದುಚೇರಿ ಬಳಿ ಬಂದ ಫೆಂಗಲ್, ಎರಡೂ ಕೊಯ್ಲು–ಒಕ್ಕಣೆಯ ಕಾಲದಲ್ಲೇ ಬಂದವು. ಹುಲ್ಲಂತೂ ಯಾವ ನಮೂನೆಯಲ್ಲೂ ಇಲ್ಲ. ಡೇರಿಗೆ ಹಾಲು ಹಾಕಿ ಬದುಕುವ ಮನೆಯಲ್ಲಿ ರಾಗಿ ಹುಲ್ಲು ಕಪ್ಪಾದರೆ ಅದು ಎರಡನೇ ನಷ್ಟ, ಕಾಳಿನ ನಷ್ಟದಷ್ಟೇ ದೊಡ್ಡದು.

ಕೊಯ್ದ ಪೈರಿಗೆ ರಕ್ಷಣೆ ಇರುವುದು ಫಸಲ್ ಬಿಮಾ ಬೆಳೆ ವಿಮೆಯಲ್ಲಿ. ಮುಂಗಾರು ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2. ಕೊಯ್ದು ಹೊಲದಲ್ಲಿ ಹರಡಿದ ಪೈರು 14 ದಿನದೊಳಗೆ ಚಂಡಮಾರುತದ ಮಳೆಗೆ ಅಥವಾ ಅಕಾಲಿಕ ಮಳೆಗೆ ಕೆಟ್ಟರೆ ಪರಿಹಾರ ಕೇಳಬಹುದು. ಆದರೆ 72 ಗಂಟೆಯೊಳಗೆ ತಿಳಿಸಬೇಕು. ಜಡಿ ಹಿಡಿದರೆ ಮೂರು ದಿನ ಹೊಲಕ್ಕೆ ಕಾಲಿಡಲೇ ಆಗುವುದಿಲ್ಲ, ಕರೆಂಟೂ ಇರುವುದಿಲ್ಲ, ತೆನೆಯಲ್ಲಿ ಮೊಳಕೆ ಕಾಣುವುದೇ ಆಮೇಲೆ. ಪೈರನ್ನು ಪೂರ್ತಿ ನೋಡಿಕೊಂಡೇ ದೂರು ಕೊಡೋಣ ಎಂದು ಕಾಯುವವನಿಗೆ ಗಡುವು ತಪ್ಪುತ್ತದೆ. ಮಳೆ ಶುರುವಾದ ದಿನವೇ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳುವುದು ಮೇಲು.

ಶಿಡ್ಲಘಟ್ಟದ ಲೆಕ್ಕ ಬೇರೆ ಥರ. ರೇಷ್ಮೆ ಹುಳುವಿಗೆ ಸೂರಿದೆ, ಆದರೂ ಮಳೆ ಅದನ್ನು ಬಿಡುವುದಿಲ್ಲ. ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಮೇಲಿನ ಒಂದು ವಾರದಲ್ಲಿ ಹುಳು ತನ್ನ ಇಡೀ ಬಾಳಿನ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ತಿನ್ನುತ್ತದೆ. ಆ ವಾರಕ್ಕೇ ಜಡಿ ಹಿಡಿದರೆ ಸೊಪ್ಪೆಲ್ಲ ಒದ್ದೆ, ಹುಳುಮನೆಯಲ್ಲಿ 24–25 ಡಿಗ್ರಿ ಶಾಖ ನಿಲ್ಲುವುದಿಲ್ಲ, ತೇವ ಏರುತ್ತದೆ, ಸುಣ್ಣಕಟ್ಟು ರೋಗ ಕಾಣಿಸಿಕೊಳ್ಳುತ್ತದೆ. 100 ಮೊಟ್ಟೆ ಗುಂಪಿಗೆ 60 ಕೆ.ಜಿ. ಗೂಡು, ಕೆ.ಜಿ.ಗೆ 500 ರೂಪಾಯಿ ಎಂದು ಕಡಿಮೆಗೇ ಹಿಡಿದರೂ 30,000ದ ಬೆಳೆ. ಆಗ ಜಾರಿಯಲ್ಲಿದ್ದ ಕೇಂದ್ರದ ಮಾರ್ಗಸೂಚಿ ಹಿಪ್ಪುನೇರಳೆಗೆ ಕಟ್ಟಿದ್ದು ಹೆಕ್ಟೇರಿಗೆ 4,800, ಎಕರೆಗೆ 1,943 ರೂಪಾಯಿ. ಅದು ನೆಲದ ಲೆಕ್ಕ. ಹುಳುಮನೆಯ ತಟ್ಟೆಯಲ್ಲಿ ಸತ್ತ ಹುಳುವನ್ನು ಹೆಕ್ಟೇರಿನಲ್ಲಿ ಅಳೆಯುವುದು ಹೇಗೆ?

ಲಾಭದ ಪುಟವೂ ಇದೆ, ಬಿಡಬಾರದು. ಕೆರೆ ತುಂಬಿದ ಮೇಲೆ ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಎದ್ದಿತು. ಆ ನವೆಂಬರಿನ ಕೊನೆಗೆ ದಕ್ಷಿಣದ ನಗರಗಳಲ್ಲಿ ಟೊಮೆಟೊ ಕೆ.ಜಿ.ಗೆ 100 ದಾಟಿದಾಗ, ಚಿಂತಾಮಣಿ ಕಡೆ ತೋಟ ಉಳಿಸಿಕೊಂಡಿದ್ದ ಕೆಲವರು ಕಾಸು ಕಂಡರು. ಆದರೆ ಬೋರ್ ಇರುವವನ ಲಾಭದಿಂದ ಖುಷ್ಕಿಯವನ ನಷ್ಟವನ್ನು ಕಳೆಯಲಾಗದು. ಜಿಲ್ಲೆಯ ಸರಾಸರಿ ಅಂಕಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ಬರೆದುಬಿಡುತ್ತದೆ.

2022ರಲ್ಲಿ ಕೇಂದ್ರ ತನ್ನ ದರ ಪರಿಷ್ಕರಿಸಿತು: ಖುಷ್ಕಿಗೆ ಹೆಕ್ಟೇರಿಗೆ 8,500, ರೇಷ್ಮೆಗೆ 6,000. ಖುಷ್ಕಿಯ ದರ ಏರಿದ್ದು ಶೇ 25. ರಾಗಿಯಲ್ಲೇ ತೂಗಿ ನೋಡೋಣ. 2021ರಲ್ಲಿ ರಾಜ್ಯದ ಪಾಲು ಬಿಟ್ಟು ಕೇಂದ್ರದ ದರ ಎಕರೆಗೆ 2,752 ರೂಪಾಯಿ, ಆಗಿನ ಬೆಂಬಲ ಬೆಲೆಯಲ್ಲಿ 81 ಕೆ.ಜಿ. ರಾಗಿ. ಹೊಸ ದರ ಎಕರೆಗೆ 3,440. ಬೆಂಬಲ ಬೆಲೆ 2025–26ಕ್ಕೆ 4,886 ತಲುಪಿತು. ಆ ಬೆಲೆಯಲ್ಲಿ ಅಷ್ಟು ಹಣಕ್ಕೆ ಬರುವುದು 70 ಕೆ.ಜಿ.