ಮೊದಲು ಏಳುವವರು ಯಾರು? ಕಂಪ್ಯೂಟರಿನೊಳಗೂ ಒಂದು ರಾಜಕಾರಣವಿದೆ

ಜುಲೈ ತಿಂಗಳ ಸಿದ್ದಾಪುರ ಗೊತ್ತಲ್ಲ? ಮಳೆ ಹಿಡಿದರೆ ಕರೆಂಟು ಹೋಯ್ತು ಅಂತಲೇ ಲೆಕ್ಕ. ನಮ್ಮನೆ ಯುಪಿಎಸ್ ಹಳೆಯದು, ಬೀಪ್ ಅಂದ ಮೇಲೆ ಒಂದು ನಿಮಿಷ ತಡೆದರೆ ಹೆಚ್ಚು. ಅಂಥ ಒಂದು ಸಂಜೆ ಡೆಬಿಯನ್ ಲಿನಕ್ಸ್ ಇದ್ದ ಕಂಪ್ಯೂಟರನ್ನು ಆಫ್ ಮಾಡಲು ಹೋದೆ. ಯಾವುದೋ ಕೆಲಸ ನಿಲ್ಲುವುದನ್ನು ಕಾಯುತ್ತಿದ್ದೇನೆ, ಮಿತಿ ಒಂದೂವರೆ ನಿಮಿಷ ಅಂತ ಪರದೆ ಹೇಳಿತು. ಅದು ಎಣಿಸುತ್ತಿದ್ದಾಗಲೇ ಯುಪಿಎಸ್ ಆರಿತು.

ಹೀಗೆ ಕಾಯಿಸಿದ್ದು ಯಾರು? ಇಂಜಿನಿಯರಿಂಗ್‌ನಲ್ಲಿ ಪರೀಕ್ಷೆಗಷ್ಟೇ ಬಾಯಿಪಾಠ ಮಾಡಿದ್ದ ಉತ್ತರ ಆಗ ಉಪಯೋಗಕ್ಕೆ ಬಂತು.

ಲಿನಕ್ಸ್‌ನಲ್ಲಿ ಕರ್ನಲ್ ಎದ್ದ ಮೇಲೆ ಒಂದೇ ಒಂದು ಪ್ರೋಗ್ರಾಂ ಶುರು ಮಾಡುತ್ತೆ. ಅದರ ನಂಬರ್ 1, ಹೆಸರು ಇನಿಟ್. ಮನೆಯಲ್ಲಿ ಮೊದಲು ಎದ್ದು ಒಲೆ ಹಚ್ಚಿ ಉಳಿದವರನ್ನು ಎಬ್ಬಿಸುವವರ ಹಾಗೆ. ವೈಫೈ, ಪ್ರಿಂಟರ್, ಲಾಗಿನ್ ಎಲ್ಲ ಅದರ ಹಿಂದೆ. ಆಫ್ ಮಾಡುವಾಗ ಎಲ್ಲರನ್ನೂ ಮಲಗಿಸುವುದೂ ಅದೇ.

ಹಳೆಯ ಸಿಸ್‌ವಿ ಇನಿಟ್ ಸರಳ ಸ್ಕ್ರಿಪ್ಟುಗಳನ್ನು ನಂಬರಿನ ಸಾಲಿನಲ್ಲಿ ಓಡಿಸುತ್ತಿತ್ತು. 2010ರಲ್ಲಿ ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ ಶುರು ಮಾಡಿದ ಸಿಸ್ಟಮ್‌ಡಿ ಕೆಲಸಗಳನ್ನು ಒಟ್ಟಿಗೇ ಎಬ್ಬಿಸುತ್ತೆ, ಬಿದ್ದ ಸೇವೆಯನ್ನು ಮತ್ತೆ ಎತ್ತುತ್ತೆ. ಜಾಣತನವೇ. ಆದರೆ ಲಾಗ್, ಲಾಗಿನ್, ನೆಟ್‌ವರ್ಕ್ ಅಂತ ಅದರ ಯೋಜನೆಯ ವ್ಯಾಪ್ತಿ ಬೆಳೆಯುತ್ತಾ ಹೋಯಿತು. ಒಲೆ ಹಚ್ಚುವವರ ಕೈಗೇ ಮನೆಯ ಎಲ್ಲ ಬೀಗದಕೈ ಯಾಕೆ ಅನ್ನುವುದೇ ಜಗಳ.

ಈ ಜಗಳ ಡೆಬಿಯನ್‌ನ ತಾಂತ್ರಿಕ ಸಮಿತಿಗೆ ಬಂತು. 2014ರ ಫೆಬ್ರವರಿಯಲ್ಲಿ ಎಂಟು ಸದಸ್ಯರು 4-4 ಆಗಿ ಒಡೆದರು. ಅಧ್ಯಕ್ಷ ಬಿಡೇಲ್ ಗಾರ್ಬಿ ಅವರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಒಪ್ಪದ ಕೆಲವರು ಅದೇ ನವೆಂಬರ್‌ನಲ್ಲಿ ಡೆಬಿಯನ್‌ನ ಕೋಡ್ ತೆಗೆದುಕೊಂಡೇ ಹೊರಬಂದು ಡೆವ್‌ವನ್ ಘೋಷಿಸಿದರು. ಅದರ 1.0 ಆವೃತ್ತಿ ಬಂದಿದ್ದು 2017ರ ಮೇ ತಿಂಗಳಲ್ಲಿ. ಹೊರನಡೆಯುವುದು ಹಕ್ಕು ನಿಜ, ಅದಕ್ಕೆ ವರ್ಷಗಟ್ಟಲೆ ಬೆವರಿನ ಬೆಲೆಯೂ ಇದೆ.

ನಾನು ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಟ್ಟು ಡೆವ್‌ವನ್‌ಗೆ ಬದಲಾದೆ. ಈಗ ಕಂಪ್ಯೂಟರ್ ಯುಪಿಎಸ್‌ಗಿಂತ ಮೊದಲೇ ಮಲಗುತ್ತೆ. ಕಗಪ ಕೀಲಿಮಣೆ ಮೊದಲಿನಂತೆಯೇ ನಡೆಯುತ್ತೆ. ಕಳೆದುಕೊಂಡಿದ್ದೂ ಇದೆ: ಸ್ನ್ಯಾಪ್ ಪ್ಯಾಕೇಜುಗಳಿಗೆ ಸಿಸ್ಟಮ್‌ಡಿಯೇ ಬೇಕು, ಅಂತರ್ಜಾಲದಲ್ಲಿ ಸಿಗುವ ಅರ್ಧ ಸಲಹೆಗಳು ಇಲ್ಲಿ ಹೊಂದಲ್ಲ. ಇನ್ನೂ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಆ ಒಂದೂವರೆ ನಿಮಿಷವನ್ನು ಸಿಸ್ಟಮ್‌ಡಿಯಲ್ಲೇ ಒಂದು ಸಾಲು ತಿದ್ದಿ ಹತ್ತು ಸೆಕೆಂಡಿಗೆ ಇಳಿಸಬಹುದಿತ್ತು. ಹಾಗಾಗಿ ನೀವೂ ಬದಲಾಗಿ ಅಂತ ನಾನು ಹೇಳಲ್ಲ.

ಹೇಳುವುದು ಬೇರೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಲ್ಲಿಸಿತು. ಶಿರಸಿಯ ಝೆರಾಕ್ಸ್ ಅಂಗಡಿಯವರನ್ನಾಗಲಿ ಯಲ್ಲಾಪುರದ ವಿದ್ಯಾರ್ಥಿಯನ್ನಾಗಲಿ ಯಾರೂ ಮತ ಕೇಳಲಿಲ್ಲ. ಆ ಕೋಡ್ ಎತ್ತಿಕೊಂಡು ಹೊರನಡೆಯುವ ದಾರಿಯೂ ಅವರಿಗಿಲ್ಲ. ಡೆಬಿಯನ್‌ನಲ್ಲಿ ಸೋತವರಿಗೆ ಅದಿತ್ತು.

ಬಹುಮತ ಗೆಲ್ಲಲಿ, ಬೇಡ ಅನ್ನಲ್ಲ. ಸೋತವರಿಗೆ ಬಾಗಿಲು ತೆರೆದಿದೆಯಾ ಅಂತ ನೋಡಬೇಕು. ಮತ್ತೆ ಆ ಬಾಗಿಲು ತುಕ್ಕು ಹಿಡಿಯದಂತೆ ಆಗಾಗ ಯಾರಾದರೂ ತೆರೆದು ಹಾಕುತ್ತಿರಬೇಕು. ಈ ಮಳೆಗಾಲಕ್ಕೆ ಆ ಕೆಲಸ ನನ್ನದು.