ಎದುರು ಸಾಲು ಖಾಲಿಯಿದ್ದ ಸಂಸತ್ತು

ಹದಿನೈದಕ್ಕೆ ಹದಿನೈದು! ಕೆರಿಬಿಯನ್ ಸಮುದ್ರದ ಗ್ರೆನಡಾ ದೇಶದ ಕೆಳಮನೆಯಲ್ಲಿ ಇರುವುದೇ ಅಷ್ಟು ಸ್ಥಾನ. 1999, 2013 ಮತ್ತು 2018ರಲ್ಲಿ, ಒಮ್ಮೆಯಲ್ಲ ಮೂರು ಸಲ, ಕೀತ್ ಮಿಚೆಲ್ ಅವರ ನ್ಯೂ ನ್ಯಾಷನಲ್ ಪಾರ್ಟಿ ಒಂದನ್ನೂ ಬಿಡದೆ ಬಾಚಿಕೊಂಡಿತು. ಗಣಿತದ ಪ್ರಾಧ್ಯಾಪಕರಾಗಿದ್ದ, ಗ್ರೆನಡಾ ಕ್ರಿಕೆಟ್ ತಂಡವನ್ನೂ ಮುನ್ನಡೆಸಿದ್ದ ಮಿಚೆಲ್‌ಗೆ ಎದುರಾಳಿಯೇ ಇಲ್ಲದ ಪಂದ್ಯವದು.

ಜಾಯಿಕಾಯಿಯನ್ನು ಧ್ವಜದಲ್ಲೇ ಇಟ್ಟುಕೊಂಡಿರುವ ಈ ದೇಶದ ವಿಸ್ತೀರ್ಣ 344 ಚದರ ಕಿ.ಮೀ., ಜನಸಂಖ್ಯೆ ಲಕ್ಷಕ್ಕೆ ತುಸು ಹೆಚ್ಚು. ಒಂದೊಂದು ಕ್ಷೇತ್ರದಲ್ಲೂ ಕೆಲವೇ ಸಾವಿರ ಮತದಾರರು. ನಮ್ಮಲ್ಲಿರುವಂತೆ ಹೆಚ್ಚು ಮತ ಪಡೆದವರೇ ಗೆದ್ದವರು. ಹಾಗಾಗಿ ಗಾಳಿ ಒಂದೇ ಕಡೆ ಬೀಸಿದರೆ ಎಲ್ಲ ಕ್ಷೇತ್ರಗಳೂ ಒಟ್ಟಿಗೆ ವಾಲುತ್ತವೆ. 2018ರಲ್ಲಿ ಗೆದ್ದ ಪಕ್ಷಕ್ಕೆ ಬಿದ್ದದ್ದು ನೂರಕ್ಕೆ ಸುಮಾರು 59 ಮತ. ಉಳಿದ ಮತಗಳಿಗೆ ಸದನದಲ್ಲಿ ಒಂದು ದನಿಯೂ ದಕ್ಕಲಿಲ್ಲ. ಕೊನೆಗೆ ಆಡಳಿತ ಪಕ್ಷದ ಟೋಬಿಯಾಸ್ ಕ್ಲೆಮೆಂಟ್ ಎಂಬ ಸದಸ್ಯರೇ ಪಕ್ಷ ತೊರೆದು ವಿರೋಧ ಪಕ್ಷದ ನಾಯಕರಾದರು.

ವಿರೋಧವಿಲ್ಲದ ಆಡಳಿತ ಏನೆಂದು ಗ್ರೆನಡಾಕ್ಕೆ ಗೊತ್ತಿಲ್ಲದ್ದೇನಲ್ಲ. 1979ರಲ್ಲಿ ಮಾರಿಸ್ ಬಿಷಪ್ ಕ್ರಾಂತಿ ನಡೆಸಿ ಅಧಿಕಾರ ಹಿಡಿದರು. ಚುನಾವಣೆ ನಡೆಯಲೇ ಇಲ್ಲ. 1983ರ ಅಕ್ಟೋಬರ್‌ನಲ್ಲಿ ಒಳಜಗಳದಲ್ಲಿ ಅವರ ಹತ್ಯೆಯಾಯಿತು; ಕೆಲವೇ ದಿನಗಳಲ್ಲಿ ಅಮೆರಿಕದ ಸೇನೆ ಬಂದಿಳಿಯಿತು. ಜನ ಮತ್ತೆ ಮತಗಟ್ಟೆಗೆ ಬಂದದ್ದು 1984ರ ಡಿಸೆಂಬರ್‌ನಲ್ಲಿ.

ಖಾಲಿ ಸಾಲಿಗೆ ಸಂವಿಧಾನದಲ್ಲೇ ಮದ್ದು ಹುಡುಕುವ ಯತ್ನವೂ ನಡೆಯಿತು. ಒಂದೇ ಪಕ್ಷ ಎಲ್ಲ ಸ್ಥಾನ ಗೆದ್ದರೂ ವಿರೋಧ ಪಕ್ಷದ ನಾಯಕರೊಬ್ಬರು ಇರಲೇಬೇಕೆಂಬ ತಿದ್ದುಪಡಿ 2016ರ ಜನಮತಗಣನೆಯ ಏಳು ಮಸೂದೆಗಳಲ್ಲಿ ಒಂದಾಗಿತ್ತು. ಜನ ಏಳನ್ನೂ ತಿರಸ್ಕರಿಸಿದರು.

ಆದರೆ 2022ರ ಜೂನ್ 23ರಂದು ಅದೇ ಜನ ಲೆಕ್ಕವನ್ನು ಬುಡಮೇಲು ಮಾಡಿದರು. ಪಕ್ಷದ ನಾಯಕತ್ವ ವಹಿಸಿಕೊಂಡು ವರ್ಷವೂ ತುಂಬದ ವಕೀಲ ಡಿಕನ್ ಮಿಚೆಲ್ ಅವರ ನ್ಯಾಷನಲ್ ಡೆಮಾಕ್ರಟಿಕ್ ಕಾಂಗ್ರೆಸ್ ಒಂಬತ್ತು ಸ್ಥಾನ ಗೆದ್ದಿತು. ಕ್ಷೇತ್ರ ಉಳಿಸಿಕೊಂಡ ಕೀತ್ ಮಿಚೆಲ್ ಐವರು ಸಂಗಾತಿಗಳೊಂದಿಗೆ ವಿರೋಧ ಪಕ್ಷದ ನಾಯಕರಾಗಿ ಕುಳಿತರು.

ಇದನ್ನು ಪ್ರಜಾಪ್ರಭುತ್ವದ ಗೆಲುವೆಂದು ಕೊಂಡಾಡುವ ಮುನ್ನ ಒಂದು ಮಾತು. ಬದಲಾದದ್ದು ಜನರ ಮನಸ್ಸು, ಎಣಿಕೆಯ ನಿಯಮವಲ್ಲ. ಗಾಳಿ ಮತ್ತೊಮ್ಮೆ ಜೋರಾಗಿ ಬೀಸಿದರೆ ಹದಿನೈದಕ್ಕೆ ಹದಿನೈದು ಮರುಕಳಿಸಲು ಅಲ್ಲಿ ಅಡ್ಡಿಯೇನೂ ಇಲ್ಲ.